ಹಿಗ್ಗಿ ಕುಗ್ಗುವ ಚೌಕಟ್ಟು

ಹೈದರಾಬಾದಿನ ಶಾಲಿಬಂಡಾದಲ್ಲಿ ಮಕ್ಬೂಲಾ ಬೀ ಮನೆಯನ್ನು ಯಾರೂ ಹುಡುಕಬೇಕಾಗಿರಲಿಲ್ಲ. ಸೈಕಲ್ ಅಂಗಡಿಯ ಮಗ್ಗುಲಲ್ಲಿ, ಬಾಗಿಲ ತುಂಬ ಚೌಕಟ್ಟು ನೇತುಹಾಕಿದ ಮನೆ ಅದೊಂದೇ. ಹಣ್ಣಿನ ಪೆಟ್ಟಿಗೆಯ ಹಲಗೆಯಿಂದ ನಾಲ್ಕು ಪಟ್ಟಿ ತೆಗೆದು, ಪ್ರತಿ ಪಟ್ಟಿಯ ನಡುವೆ ಉದ್ದನೆಯ ಸೀಳು ಕೊರೆದು, ಮೂಲೆಗಳಲ್ಲಿ ಒಂದರ ಮೇಲೊಂದು ಕೂರಿಸಿ, ಬೆರಳಲ್ಲೇ ತಿರುಗಿಸಬಹುದಾದ ಎರಡು ಕಿವಿಯ ನಟ್ಟು ಬಿಗಿದರೆ ಅವಳ ಚೌಕಟ್ಟು ತಯಾರು. ನಟ್ಟು ಸಡಿಲಿಸಿ ಎಳೆದರೆ ಹಿಗ್ಗುತ್ತದೆ, ಒತ್ತಿದರೆ ಕುಗ್ಗುತ್ತದೆ. ಒಳಅಂಚಿಗೆ ಮಡಚಿದ ತಗಡು, ತಗಡಿಗೆ ಸೈಕಲ್ ಟ್ಯೂಬಿನ ತುಂಡು. ಗಾಜು ಅಲ್ಲಾಡಲಿ ನೋಡೋಣ! ಈ ವರ್ಷ ಅದರಲ್ಲಿ ಮಕ್ಕಾದ ಕ್ಯಾಲೆಂಡರ್ ಚಿತ್ರ, ಮುಂದಿನ ವರ್ಷ ದುಬೈಗೆ ಹೋದ ಮಗನ ಫೋಟೊ, ಆಮೇಲೆ ಮುಖ ನೋಡುವ ಕನ್ನಡಿ. ಕೈಯಲ್ಲಿ ಕಾಸಿಲ್ಲದ ಬಾಡಿಗೆ ಮನೆಯವರಿಗೆ ಇನ್ನೇನು ಬೇಕು?

ಮರದ ಕೆತ್ತನೆಯ ಗೌಸ್ ಮಿಯಾ ಆ ದಾರಿಯಲ್ಲಿ ಹೋದಾಗಲೆಲ್ಲ ಕೆಣಕದೆ ಬಿಡುತ್ತಿರಲಿಲ್ಲ.

"ಆಪಾ, ಇದು ಚೌಕಟ್ಟೋ, ಮಡಚೋ ಮಂಚಾನೋ?"

"ಮಂಚಾನೇ ಅಂದ್ಕೋ. ನಿನ್ನ ಚೌಕಟ್ಟಿನ್ಯಾಗ ನಿನ್ನ ಹೊಟ್ಟಿ ಹಿಡಸೂದಿಲ್ಲ. ನಂದರಾಗ ಹಿಡಸ್ತದ, ಬೇಕಾದ್ರ ಬಂದು ನಿಲ್ಲು!"

ಇಷ್ಟು ಗಟ್ಟಿ ಬಾಯಿಯ ಹೆಂಗಸು ದುರ್ದಾನಾಳ ಮದುವೆ ಗೊತ್ತಾದದ್ದೇ ತಡ ಬಾಲ ಮುದುರಿದಳು. ನನಗೆ ಈಗಲೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ದುರ್ದಾನಾ ಅವಳ ತಂಗಿ ನಾದಿರಾಳ ಮಗಳು. ನಾದಿರಾ ತೀರಿಕೊಂಡಾಗ ಹುಡುಗಿ ಇನ್ನೂ ತೊಟ್ಟಿಲಲ್ಲಿದ್ದಳು. ಮಕ್ಬೂಲಾ ಅವಳನ್ನು ಎದೆಗವಚಿಕೊಂಡು ಸಾಕಿದಳು, ತಾನು ಮದುವೆಯ ಮಾತೇ ಎತ್ತಲಿಲ್ಲ. ಹುಡುಗಿಯ ಬಾಯಲ್ಲಿ ಮಾತ್ರ ಅವಳು ಎಂದೂ ಖಾಲಾ, ಅಂದರೆ ದೊಡ್ಡಮ್ಮ. ನಾದಿರಾ ಬಿಟ್ಟುಹೋದ ವಸ್ತುಗಳಲ್ಲಿ ಒಂದು ಅವಳ ಜಲ್ವಾದ ಕನ್ನಡಿ. ನಿಕಾಹ್ ಆದ ಮೇಲೆ ಮದುಮಕ್ಕಳನ್ನು ಕೆಂಪು ಬಟ್ಟೆಯ ಕೆಳಗೆ ಕೂರಿಸಿ, ನಡುವೆ ಕನ್ನಡಿ ಇಟ್ಟು, ಅದರಲ್ಲೇ ಒಬ್ಬರ ಮುಖ ಒಬ್ಬರಿಗೆ ತೋರಿಸುವ ಹೊತ್ತೇ ಜಲ್ವಾ. ಆ ಮನೆಯಲ್ಲಿ ಒಂದು ಕಟ್ಟಳೆ. ಒಮ್ಮೆ ಸುತ್ತಿಟ್ಟ ಮೇಲೆ, ಮುಂದಿನ ಮದುಮಗಳಿಗಿಂತ ಮೊದಲು ಆ ಕನ್ನಡಿಯಲ್ಲಿ ಬೇರೆ ಮುಖ ಬೀಳಬಾರದು. ಮಗಳಿಗೆಂದು ನಾದಿರಾ ತನ್ನ ಹಸಿರು ಶಾಲಿನಲ್ಲಿ ಕೈಯಾರೆ ಸುತ್ತಿಟ್ಟಿದ್ದಳು. ಚೌಕಟ್ಟನ್ನು ಅದಕ್ಕೂ ಮೊದಲೇ ಗೆದ್ದಲು ತಿಂದಿತ್ತು, ಶಾಲಿನೊಳಗೆ ಇದ್ದದ್ದು ಬರೀ ಗಾಜು.

"ಖಾಲಾ, ಅಮ್ಮಿ ನೋಡಿದ ಕನ್ನಡಿನೇ ನನಗ ಬೇಕು," ಎಂದಳು ದುರ್ದಾನಾ. "ಬಾಡಿಗಿ ಕನ್ನಡಿ ತಂದ್ರ ನಾ ಕಣ್ಣೇ ಬಿಡೂದಿಲ್ಲ."

ಗಂಡಿನ ಕಡೆಯವರು ಮಲಕ್‌ಪೇಟೆಯ ದೊಡ್ಡ ಮನೆಯವರು. ಹುಡುಗ ಅಸ್ರಾರ್ ಸಾಧು. ಆದರೆ ಅವನ ಸೋದರತ್ತೆ ಜೇಬುನ್ನಿಸಾ ಫುಪ್ಪು ಬಾಯಿ ತೆರೆದರೆ ಬೀದಿ ಬೀದಿಯೇ ಕಿವಿ ಮುಚ್ಚಿಕೊಳ್ಳಬೇಕು. ಆಕೆಗೆ ಹೆದರಿ ಮಕ್ಬೂಲಾ ಬಾಗಿಲ ಚೌಕಟ್ಟುಗಳನ್ನೆಲ್ಲ ಇಳಿಸಿ ಸೈಕಲ್ ಅಂಗಡಿಯ ಅಟ್ಟಕ್ಕೆ ಸಾಗಿಸಿದಳು. ಗೋಡೆಯಲ್ಲಿ ನಾದಿರಾಳ ಫೋಟೊ ಇದ್ದ ಒಂದೇ ಒಂದನ್ನು ತೆಗೆಯಲು ಮನಸ್ಸು ಬರಲಿಲ್ಲ. ಆಮೇಲೆ ಶಾಲಿನ ಗಂಟು ಎತ್ತಿಕೊಂಡು ಹೋದದ್ದೆಲ್ಲಿಗೆ? ಗೌಸ್ ಮಿಯಾನ ಅಂಗಡಿಗೆ!

"ಬಳ್ಳಿ ಕೆತ್ತಿದ ಚೌಕಟ್ಟು ಬೇಕು ಮಿಯಾ. ಆದ್ರ ಶಾಲು ಬಿಚ್ಚಬ್ಯಾಡ."

"ಬಿಚ್ಚದೆ ಅಳತಿ ಹೆಂಗ ತಗೀಲಿ ಆಪಾ?"

"ಮ್ಯಾಲಿಂದನೇ ತಗೋ. ಶಾಲಿಗಂತ ಎರಡು ಬೆರಳು ಕಳಿ."

ಗೌಸ್ ಎರಡು ಬೆರಳು ಕಳೆದ. ಶಾಲು ಎಷ್ಟು ಸುತ್ತು ಸುತ್ತಿದೆ ಎಂದು ಅವನಿಗೇನು ಗೊತ್ತು? ಅವಳಿಗಾದರೂ ಎಲ್ಲಿ ಗೊತ್ತಿತ್ತು? ಚೌಕಟ್ಟು ಬಂದಾಗ ಶಾಲಿನ ಸಮೇತ ಒತ್ತಿ ಕೂರಿಸಿ ನೋಡಿದರು. ಬಂಡೆಯ ಹಾಗೆ ಕೂತಿತು. ಮಕ್ಬೂಲಾ ಬಳ್ಳಿಯ ಎಲೆಗಳನ್ನು ಸವರಿ ಸವರಿ ಸಂತೋಷಪಟ್ಟಳು.

ಮದುವೆಯ ದಿನ ಗಲ್ಲಿಗೆ ಗಲ್ಲಿಯೇ ಶಾಮಿಯಾನ. ಬಿರಿಯಾನಿಯ ಘಮ, ಹೆಂಗಸರ ಕಡೆ ಡೋಲಕ್, ಹಾಡು, ನಗೆ. ಮಧ್ಯಾಹ್ನದ ನಮಾಜು ಮುಗಿದು ನಿಕಾಹ್ ಆಯಿತು. ಅಸ್ರಾರನನ್ನು ಶಾಮಿಯಾನದ ಹೆಂಗಸರ ಕಡೆಗೆ ಕರೆತಂದು ದುರ್ದಾನಾಳ ಎದುರು ಕೂರಿಸಿ, ಇಬ್ಬರ ತಲೆಯ ಮೇಲೂ ಕೆಂಪು ಬಟ್ಟೆ ಹೊದಿಸಿದರು.

"ಕನ್ನಡಿ ತರ್ರಿ, ಕನ್ನಡಿ!"

ಮಕ್ಬೂಲಾ ಗಂಟನ್ನು ದಿಂಬಿನ ಮೇಲೆ ಇಟ್ಟು, ಮುಖ ಆಚೆ ತಿರುಗಿಸಿ, ಬೆರಳಿನಲ್ಲೇ ಅಂದಾಜು ಮಾಡುತ್ತ ಶಾಲು ಬಿಚ್ಚತೊಡಗಿದಳು. ಒಂದು ಸುತ್ತು, ಎರಡು ಸುತ್ತು, ಮೂರು, ನಾಲ್ಕು... ಮುಗಿಯುವುದೇ ಇಲ್ಲ! ಕೊನೆಗೆ ಕೈಗೆ ಸಿಕ್ಕಿದ್ದು ಅಂದುಕೊಂಡದ್ದಕ್ಕಿಂತ ಎಷ್ಟೋ ಚಿಕ್ಕ ಗಾಜು. ಬೋರಲಾಗಿ ಮಲಗಿದ್ದ ಗಾಜನ್ನು ಎತ್ತಿ ಚೌಕಟ್ಟಿನ ಹಿಂದಿನಿಂದ ಇಟ್ಟಳು. ಗಾಜು ನಿಲ್ಲದೆ ಮುಂದಿನಿಂದ ಜಾರಿ ದಿಂಬಿನ ಮೇಲೆ ಬಿತ್ತು.

ಡೋಲಕ್ ನಿಂತಿತು.

"ಚೌಕಟ್ಟು ಅದನೋ, ಕಿಟಕಿ ಅದನೋ ಇದು?" ಎಂದಳು ಜೇಬುನ್ನಿಸಾ ಫುಪ್ಪು. "ಬಿಡ್ರವ್ವಾ. ಯಾರಾದ್ರೂ ಓಡಿ ಲಾಡ್ ಬಜಾರಿನಿಂದ ಬಾಡಿಗಿ ಕನ್ನಡಿ ತರ್ರಿ."

ಕೆಂಪು ಬಟ್ಟೆಯ ಕೆಳಗಿನಿಂದ ಬಿಕ್ಕಿದ ಸದ್ದು ಕೇಳಿತು. ಅದು ಕಿವಿಗೆ ಬಿದ್ದದ್ದೇ ಮಕ್ಬೂಲಾಳ ಹೆದರಿಕೆ ಹಾರಿಹೋಯಿತು.

"ಯಾರೂ ಎಲ್ಲೂ ಹೋಗಬ್ಯಾಡ್ರಿ!" ಎಂದು ಕೂಗಿ, ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಮನೆಯ ಗೋಡೆಯಿಂದ ಚೌಕಟ್ಟು ಇಳಿಸಿದಳು. "ನಾದಿರಾ, ನಿನ್ನ ಮಗಳ ಸಲುವಾಗಿ ಸ್ವಲ್ಪ ಜಾಗ ಬಿಡವ್ವಾ," ಎಂದು ಫೋಟೊ ತೆಗೆದು ರವಿಕೆಯೊಳಗೆ ಇಟ್ಟುಕೊಂಡಳು. ಅದೇ ಓಟದಲ್ಲಿ ಹಿಂದಕ್ಕೆ ಬಂದಳು. ಏದುಸಿರು, ಜಾರಿದ ಸೆರಗು, ಕೈಯಲ್ಲಿ ಹಣ್ಣಿನ ಪೆಟ್ಟಿಗೆಯ ಹಲಗೆ!

ನಟ್ಟು ಸಡಿಲಿಸಿದಳು. ಎಳೆದಳು. ಪಟ್ಟಿಗಳು ಸರ್ರನೆ ಸರಿದವು. ಬೋರಲು ಗಾಜಿನ ಸುತ್ತ ತಂದು ಒತ್ತಿದಳು, ಒಂದೊಂದೇ ಮೂಲೆ ಬಿಗಿದಳು. ಟ್ಯೂಬಿನ ತುಂಡು ಗಾಜನ್ನು ಕಚ್ಚಿ ಹಿಡಿಯಿತು. ಎತ್ತಿ ಕುಲುಕಿದಳು. ಚಕಾರ ಇಲ್ಲ!

"ಇದೇನವ್ವಾ," ಎಂದಳು ಫುಪ್ಪು, "ಸೈಕಲ್ಲಿಗಿ ಕನ್ನಡಿ ಹಚ್ಚೀರೋ, ಕನ್ನಡಿಗಿ ಸೈಕಲ್ ಹಚ್ಚೀರೋ?"

"ಸೈಕಲ್ಲೇ ಫುಪ್ಪು. ಅದಕ್ಕೇ ಹೊತ್ತಿಗಿ ಸರಿಯಾಗಿ ಬಂತು!"

ಹೆಂಗಸರು ಬಿದ್ದು ಬಿದ್ದು ನಕ್ಕರು. ಫುಪ್ಪುವಿನ ತುಟಿಯೂ ಅಲುಗಿತು. ಮಕ್ಬೂಲಾ ಕನ್ನಡಿಯನ್ನು ಕೆಂಪು ಬಟ್ಟೆಯ ಕೆಳಗೆ ತೂರಿಸಿದಳು.

"ಹೇಳಪ್ಪಾ ದುಲ್ಹಾ, ಹೇಳು! ಇಲ್ಲಂದ್ರ ಆಕಿ ಕಣ್ಣು ಬಿಡೂದಿಲ್ಲ," ಎಂದು ಹೆಂಗಸರು ಕೆಣಕಿದರು. ಜಲ್ವಾದಲ್ಲಿ ಮದುಮಗ ಬೇಡಿಕೊಳ್ಳುವ ತನಕ ಮದುಮಗಳು ಕಣ್ಣು ಮುಚ್ಚಿಯೇ ಇರಬೇಕು.

ಅಸ್ರಾರ್ ಗೊಣಗಿದ. "ಕೇಳಸಲಿಲ್ಲ!" ಎಂದು ಎಲ್ಲರೂ ಕೂಗಿದರು.

"ಬೀಬಿ, ಕಣ್ಣು ಬಿಡು. ನಾ ನಿನ್ನ ಗುಲಾಮ!"

ಡೋಲಕ್ ಗುಡುಗಿತು. ಬಟ್ಟೆಯ ಕೆಳಗೆ ಕಿಸಕ್ಕನೆ ನಕ್ಕ ಸದ್ದು. ಮಕ್ಬೂಲಾ ಸೆರಗು ಸರಿಮಾಡಿಕೊಂಡು ಅಲ್ಲೇ ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ಬಟ್ಟೆಯ ಕೆಳಗಿನಿಂದ ಗೋರಂಟಿಯ ಕೈಯೊಂದು ಬಂದು ಅವಳ ಮುಂಗೈ ಹಿಡಿಯಿತು.

"ಖಾಲಾ, ಒಳಗ ಬಾ."

"ಅಯ್ಯೋ, ನಾ ನೋಡಬಾರದವ್ವಾ! ಅದು ಮದುಮಗಳದು."

"ಮದುವಿ ಆಗದಾಕಿ ಜಲ್ವಾದ ಬಟ್ಟಿ ಕೆಳಗ ಹೋಗ್ತಾಳೇನು?" ಎಂದು ಯಾರೋ ಪಿಸುಗುಟ್ಟಿದರು.

"ಮೊದಲು ನೋಡಬೇಕಾದವರು ನೋಡಿದ್ವಿ," ಎಂದಳು ದುರ್ದಾನಾ, ಎಲ್ಲರಿಗೂ ಕೇಳುವ ಹಾಗೆ. "ಈಗ ನಮ್ಮ ಅಮ್ಮಿ ನೋಡ್ತಾಳ."

ಇಷ್ಟು ವರ್ಷ ಖಾಲಾ ಎಂದ ಬಾಯಿ ಅದು. ಮಕ್ಬೂಲಾ ತಲೆ ತಗ್ಗಿಸಿ ಒಳಗೆ ಹೋದಳು. ಮೊದಲು ಕಣ್ಣಿಗೆ ಬಿದ್ದದ್ದು ಎಡಮೂಲೆಯ ನಟ್ಟು. ಸ್ವಲ್ಪ ಸಡಿಲವಾಗಿತ್ತು. ಎರಡು ಬೆರಳಲ್ಲಿ ಹಿಡಿದು ಬಿಗಿ ಮಾಡಿದಳು. ಆಮೇಲೆ ತಾನು ಎಂದೂ ನೋಡದ ಆ ಕನ್ನಡಿಯಲ್ಲಿ ತನ್ನ ಮುಖವನ್ನು ನೋಡಿಕೊಂಡಳು.