ದೂರೂ ಇಲ್ಲ, ಸಮೀಪೂ ಇಲ್ಲ

ನಮ್ಮ ಓಣಿಯ ಗಿರಣಿ ಆಯಿಯ ಹುಬ್ಬುಗಳು ವರ್ಷವಿಡೀ ಬೆಳ್ಳಗಿರುತ್ತಿದ್ದವು. ವಯಸ್ಸಿಗಲ್ಲ, ಹಿಟ್ಟಿಗೆ. ಜೋಳ ಬೀಸಿದ ದಿನ ಬೂದು ಬಿಳುಪು, ಕಡಲೆ ಬೀಸಿದ ದಿನ ತುಸು ಹಳದಿ. ಆ ಹುಬ್ಬು ನೋಡಿಯೇ ಇವತ್ತು ಯಾರದೋ ಮನೆಯಲ್ಲಿ ಬೇಸನ್ ಉಂಡಿ ಕಟ್ಟುತ್ತಾರೆ ಎಂದು ನಾವು ಹೇಳಿಬಿಡುತ್ತಿದ್ದೆವು. ಮುಂಜಾನೆ ಮುಖ ತೊಳೆದರೂ ಹುಬ್ಬಿನ ಸಂದಿಯಲ್ಲಿ ಒಂದಿಷ್ಟು ಹಿಟ್ಟು ಉಳಿದೇ ಇರುತ್ತಿತ್ತು.

ಗಿರಣಿಯ ಗದ್ದಲದಲ್ಲಿ ಮಾತಾಡಿ ಮಾತಾಡಿ ಆಯಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಕಿವಿಯೂ ಸ್ವಲ್ಪ ಮಂದ. "ಆರಾಮ ಅದೀಯಿಲ್ಲ ಬೇ?" ಎಂದು ಕೇಳಿದರೆ ಜಗಳಕ್ಕೆ ಬಂದಳೇನೋ ಅನಿಸಬೇಕು. ನಾನೋ, ಸಾರವಾಡದ ತವರಿನಲ್ಲಿ "ಹೆಣ್ಣಮಕ್ಕಳ ಧ್ವನಿ ಹೊಸ್ತಿಲಾ ದಾಟಬಾರದು" ಎಂದು ಕೇಳಿಯೇ ಬೆಳೆದವಳು. ಆಯಿ ಬಂದರೆ ಮೊದಲು ಕಿಟಕಿ ಮುಚ್ಚುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿ ಮೆಟ್ಟಿಲು ಇಳಿಯುವಾಗ ನನ್ನ ಕಾಲು ಜಾರಿತು. ತೊಡೆಯ ಎಲುಬು ಮುರಿದು ಒಳಗೆ ರಾಡ್ ಹಾಕಿದರು. ತಲೆಗೆ ಪೆಟ್ಟಾಗಲಿಲ್ಲ, ಅದು ಸಿದ್ಧೇಶ್ವರನ ದಯೆ. ಅತ್ತೆಯವರು ಬೇಸರಿಸದೆ ಒಲೆಯ ಮುಂದೆ ನಿಂತರು, ಅದೂ ದಯೆಯೇ. ಆದರೆ ಎಲುಬು ಕೂಡಿದ ಮೇಲೂ ನನ್ನ ಭಯ ಹೋಗಲಿಲ್ಲ. ನಡೆಯದಿದ್ದರೆ ಕಾಲು ಬಿಗಿದುಕೊಂಡೇ ಉಳಿಯುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ನಾನು ಕೋಲು ಹಿಡಿದು ಹಾಸಿಗೆಯಿಂದ ದೇವರ ಕೋಣೆಗೆ, ದೇವರ ಕೋಣೆಯಿಂದ ಹಾಸಿಗೆಗೆ. ಗುಡಿಗೆ ಹೋಗುವುದು ನಿಂತಿತ್ತು. ಕುಳಿತಲ್ಲಿಂದಲೇ "ಒಂದು ತಂಬಿಗಿ ನೀರು ಕೊಡ್ರಿ" ಎಂದು ಕೇಳುವವಳಾಗಿ ಉಳಿದುಬಿಡುತ್ತೇನೇನೋ ಎಂದು ದೇವರ ಮುಂದೆ ಅಳುತ್ತಿದ್ದೆ.

ಒಂದು ಸಂಜೆ ಆಯಿ ನಮ್ಮ ಹಿಟ್ಟಿನ ಡಬ್ಬಿಯನ್ನು ತಾನೇ ಹೊತ್ತು ಬಂದಳು. ಯಾರ ಮನೆಗೂ ಹಿಟ್ಟು ಹೊರದವಳು.

"ಇದs ಕಡೀದು. ಮುಂದಿನ ಹಿಟ್ಟಿಗಿ ನೀನs ಬರಬೇಕು," ಎಂದಳು. "ನಾಳಿ ಮುಂಜಾನೆ ಟಂಟಂ ಗಾಡಿ ಬರ್ತೈತಿ. ಓಣಿ ಹೆಣ್ಣಮಕ್ಕಳ ಕೂಡ ಕೆರಿಗಿ ಹೋಗೂಣು."

"ಕೆರಿಗ್ಯಾಕ ಆಯಿ?"

"ನಡ್ಯಾಕ."

"ಸುಮ್ನ ನಡ್ಯಾಕ? ಮಂದಿ ಏನಂತಾರ?"

"ಮಂದಿ ನಿನ್ನ ಕಾಲು ಹೊತ್ತಾರೇನು?"

ಒಳಗಿನಿಂದ ಅತ್ತೆಯವರೇ "ಕರ್ಕೊಂಡು ಹೋಗ್ರಿ" ಎಂದುಬಿಟ್ಟರು.

ಊರ ಹೊರಗಿನ ಭೂತನಾಳ ಕೆರೆ ನಿಮಗೂ ಗೊತ್ತಿರಬಹುದು. ಕೆರೆಯ ಏರಿಯ ಮೇಲೆ ಗರಸುಮಣ್ಣು ಹಾಸಿದ ಸಮದಾರಿ. ಏರಿ ಮುಗಿದಲ್ಲಿ ಸಣ್ಣದೊಂದು ಇಳಿಜಾರು, ಅದರಾಚೆ ಅರಣ್ಯ ಇಲಾಖೆಯವರು ಹಚ್ಚಿ ಬೆಳೆಸಿದ ಗಿಡಗಳು: ಬೇವು, ಹೊಂಗೆ, ಜಾಲಿ. ಅವುಗಳ ನಡುವೆ ಒಂದು ಕಾಲುದಾರಿ ಸುತ್ತು ಹಾಕಿ ಮತ್ತೆ ನೀರಿನ ದಂಡೆಗೇ ಬರುತ್ತದೆ. ತರಗೆಲೆ ಬಿದ್ದು ಬಿದ್ದು ನೆಲ ಮೆತ್ತಗಾಗಿದೆ. ಒಮ್ಮೊಮ್ಮೆ ನವಿಲು ದಾರಿಗೆ ಅಡ್ಡ ಬಂದು, ಇದು ನನ್ನ ಅಂಗಳ ಎಂಬಂತೆ ನಿಂತು ನೋಡುತ್ತದೆ. ಗಾಳಿ ಜೋರಿದ್ದ ದಿನ ತೆರೆಗಳು ಏರಿಯ ಕಲ್ಲಿಗೆ ಬಡಿಯುತ್ತವೆ. ಗೋಕರ್ಣಕ್ಕೆ ಹೋಗಿಬಂದ ಗೆಳತಿಯೊಬ್ಬಳು ಸಮುದ್ರ ವರ್ಣಿಸತೊಡಗಿದಾಗ ಆಯಿ ಒಂದೇ ಮಾತಿಗೆ ಮುಗಿಸಿದ್ದಳು: "ಅಲ್ಲಿ ನೀರು ಉಪ್ಪು, ಇಲ್ಲಿ ಸಿಹಿ. ಯಾವ್ದು ಚಲೋ, ನೀನs ಹೇಳು."

ಏರಿ ಶುರುವಾಗುವಲ್ಲಿ ಒಂದು ಚಹಾದಂಗಡಿ. ನಮ್ಮ ಕಡೆ ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು, ಹೋದ ಕೆಲಸ ಕೆಡುತ್ತದಂತೆ. ಅದಕ್ಕೆ "ದೂರ ಹೊಂಟೀರೇನು" ಎಂದು ಕೇಳುತ್ತಾರೆ. ನಮ್ಮಂಥ ಹೆಂಗಸರ ಹತ್ತಿರ ಗುಡಿಗೆ, ಸಂತೆಗೆ, ದವಾಖಾನೆಗೆ ಎಂದು ಉತ್ತರ ಯಾವಾಗಲೂ ಸಿದ್ಧ. ಆ ಮೊದಲ ದಿನ ಅಂಗಡಿಯ ಮಾಮಾ ಕೇಳಿದ, "ದೂರ ಹೊಂಟೀರೇನ್ರಿ?" ನಾನು ಗಾಬರಿಯಿಂದ ಗುಡಿಯ ಹೆಸರು ಹುಡುಕುತ್ತಿದ್ದೆ.

"ದೂರೂ ಇಲ್ಲ, ಸಮೀಪೂ ಇಲ್ಲ. ನಡ್ಯಾಕ!" ಎಂದು ಆಯಿ ಕೂಗಿದಳು. ನೀರಂಚಿನ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು.

ಬೆಂಚಿನ ಮೇಲೆ ಕುಳಿತವನೊಬ್ಬ ನಕ್ಕ. "ಕೆಲಸಿಲ್ಲ ಬೊಗಸಿಲ್ಲ, ಸುಮ್ನ ತಿರಗಾಕತ್ತಾರ ನೋಡು."

"ನೀ ಸುಮ್ನ ಕೂಡಾಕ ಯಾರ ಅಪ್ಪಣಿ ತಗೊಂಡಿ ಲೇ?" ಎಂದಳು ಆಯಿ. ಮಾಮಾನ ಕೈಯಲ್ಲಿದ್ದ ಚಹಾ ನಗುವಿಗೆ ತುಳುಕಿತು.

ಏರಿಯ ಮೇಲೆ ಆಯಿ ಸೆರಗಿನ ಗಂಟು ಬಿಚ್ಚಿ, ಗಿರಣಿಯ ನೆಲಕ್ಕೆ ಚೆಲ್ಲಿದ್ದ ಜೋಳ ಬಳಿದು ತಂದದ್ದನ್ನು ಚೆಲ್ಲುತ್ತಿದ್ದಳು. ಆಕೆಯ ಧ್ವನಿಗೆ ಹಾರಿಹೋದ ಹಕ್ಕಿಗಳು ಆಕೆಯ ಕಾಳಿಗೆ ಮರಳಿ ಬರುತ್ತಿದ್ದವು. "ಬೈಸ್ಕೊಂಡ್ರೂ ಬರ್ತಾವ. ಥೇಟ್ ಮನೀ ಸೊಸ್ತೇರ ಹಂಗ," ಎನ್ನುತ್ತಿದ್ದಳು. ಆಯಿ ಪೂಜೆ ಪುನಸ್ಕಾರ ಅಂತ ಕುಳಿತದ್ದನ್ನು ನಾನು ನೋಡಿಲ್ಲ. ಆ ಕಾಳಿನ ಲೆಕ್ಕ ಮಾತ್ರ ಮೇಲಿನವನಿಗೆ ಸಂದಿದೆ ಎಂದು ನನ್ನ ನಂಬಿಕೆ.

ಮೊದಲ ವಾರ ಏರಿಯ ಮೇಲೇ ಇದ್ದ ಒಂದು ಬೇವಿನ ಗಿಡದಿಂದ ಇನ್ನೊಂದು ಬೇವಿನ ಗಿಡದವರೆಗೆ ಮಾತ್ರ. ಇನ್ನೂ ಸ್ವಲ್ಪ ನಡೆಯುತ್ತೇನೆ ಎಂದರೂ ಕೂರಿಸಿಬಿಡುತ್ತಿದ್ದಳು. "ಜ್ವಾಳ ಒಮ್ಮೆಲೆ ಸುರುವಿದ್ರ ಕಲ್ಲು ಹಿಡ್ಕೊಂಡು ಬಿಡ್ತೈತಿ ಬೇ. ಸ್ವಲ್ಪ ಸ್ವಲ್ಪ ಬಿಡಬೇಕು. ಕಾಲೂ ಹಂಗs." ಹಾಗೆ ಸ್ವಲ್ಪ ಸ್ವಲ್ಪವಾಗಿಯೇ ಏರಿಯ ಕೊನೆ ಮುಟ್ಟಿದೆ. ಆದರೆ ಗಿಡಗಳ ಕಡೆಗಿನ ಆ ಇಳಿಜಾರು ಕಂಡೊಡನೆ ನಮ್ಮ ಮಾಳಿಗೆಯ ಮೆಟ್ಟಿಲೇ ಕಣ್ಣಿಗೆ ಬಂತು. ದಿನಾ ಅಲ್ಲಿಂದಲೇ ಮರಳುತ್ತಿದ್ದೆ. ಉಳಿದ ಹೆಂಗಸರು ಗಿಡಗಳೊಳಗೆ ಹೋಗಿ ನಗುತ್ತ ಬರುವವರೆಗೆ ಕಲ್ಲಿನ ಮೇಲೆ ಕುಳಿತು ಜಪ ಮಾಡುತ್ತಿದ್ದೆ.

ಒಂದು ದಿನ ಆಯಿ ಕೆಳಗಿಳಿದು, ತಿರುಗಿ ನಿಂತಳು. ಕೈ ಚಾಚಲಿಲ್ಲ.

"ಇಳೀ."

"ನನ್ನಿಂದ ಆಗೂದಿಲ್ಲ ಆಯಿ."

"ಇಳೀತೀಯೋ, ಇಲ್ಲಾ ಗಿರಣ್ಯಾಗ ನಿಂತು ನೀ ನಿಮ್ಮತ್ತಿ ಬಗ್ಗೆ ಏನೇನಂದೀ ಅಂತ ಇಲ್ಲಿಂದs ಎಲ್ಲಾರಿಗೂ ಒದರಿ ಹೇಳ್ಲಿ?"

ಗಿರಣಿಯ ಸದ್ದಿನಲ್ಲಿ, ಅದರಲ್ಲೂ ಕಿವಿ ಮಂದದ ಆಯಿಯ ಮುಂದೆ, ನಮ್ಮ ಓಣಿಯ ಹೆಂಗಸರು ಏನು ತಾನೇ ಆಡಿಲ್ಲ! ಆಯಿ ಎದೆ ತುಂಬ ಉಸಿರೆಳೆದುಕೊಂಡಳು. ಆ ಧ್ವನಿ ಚಹಾದಂಗಡಿಗಷ್ಟೇ ಅಲ್ಲ, ನಮ್ಮ ಮನೆಯವರೆಗೂ ಮುಟ್ಟುತ್ತದೆ ಅನಿಸಿತು. "ಬ್ಯಾಡ ಆಯಿ, ಬ್ಯಾಡ!" ಎನ್ನುತ್ತ ಆಕೆಯ ಬಾಯಿ ಮುಚ್ಚಲು ಓಡಿದೆ. ಎರಡೂ ಕೈ ಆಕೆಯ ಮುಖಕ್ಕೆ ಚಾಚಿದಾಗಲೇ ಅರಿವಾದದ್ದು: ನಾನು ಕೆಳಗಿದ್ದೆ, ನನ್ನ ಕೋಲು ಮೇಲೇ ಬಿದ್ದಿತ್ತು.

"ನನ್ನ ಕೋಲು..."

"ಇರ್ಲಿ ಬಿಡು. ಪಾಪ, ಅದಕ್ಕ ನಡ್ಯಾಕ ಬರಂಗಿಲ್ಲ."

ಹೆಂಗಸರೆಲ್ಲ ನಕ್ಕರು. ನಾನು ಮೊದಲು ಅತ್ತುಬಿಟ್ಟೆ, ಆಮೇಲೆ ನಕ್ಕೆ. ಆ ದಿನ ಮೊದಲ ಸಲ ಗಿಡಗಳ ನಡುವಿನ ದಾರಿ ಪೂರ್ತಿ ಸುತ್ತಿದೆ. ಬೇವಿನ ಹೂವಿನ ವಾಸನೆ, ಎಲೆಗಳ ಸಂದಿಯಲ್ಲಿ ಹೊಳೆಯುವ ನೀರು. ನನ್ನ ಪಾಲಿಗೆ ಅದೇ ಪ್ರದಕ್ಷಿಣೆ.

ಮರಳುವಾಗ ಟಂಟಂನಲ್ಲಿ ಮೆಲ್ಲಗೆ ಕೇಳಿದೆ, "ಆಯಿ, ನಾ ಖರೇನ ಏನಂದಿದ್ದೆ?"

"ಯಾರಿಗೆ ಗೊತ್ತು ಬೇ? ನನಗೆಲ್ಲಿ ಕೇಳಿಸ್ತೈತಿ? ಎಲ್ಲಾ ಸೊಸ್ತೇರೂ ಏನರೆ ಅಂದೇ ಅಂದಿರ್ತಾರ!"

ಮುಂದಿನ ಹಿಟ್ಟು ನಾನೇ ಹೋಗಿ ತಂದೆ. ಸಿದ್ಧೇಶ್ವರನ ಗುಡಿಗೂ ನಡೆದೇ ಹೋಗಿ ಕೈ ಮುಗಿದು ಬಂದೆ.

ಹೋದ ಮಳೆಗಾಲದ ಕೊನೆಗೆ ಆಯಿ ತೀರಿಕೊಂಡಳು. ಹೆಚ್ಚು ದಿನ ಮಲಗಲಿಲ್ಲ. ಗಿರಣಿಯ ಸದ್ದಿಲ್ಲದೆ ಓಣಿ ಅಂದು ಬೇರೆ ಊರಿನಂತಿತ್ತು. ಅಷ್ಟು ನಡೆದಿದ್ದ ಆಯಿಯನ್ನು ನಮ್ಮ ರೂಢಿಯಂತೆ ಹೂವು ಕಟ್ಟಿದ ಚಟ್ಟದ ವಿಮಾನದಲ್ಲಿ ಕೂರಿಸಿ ಹೊತ್ತು ನಡೆದರು. ಮುಖ ತೊಳೆಸಿ ವಿಭೂತಿ ಹಚ್ಚಿದ್ದರೂ ಹುಬ್ಬಿನ ಸಂದಿಯಲ್ಲಿ ಹಿಟ್ಟಿದೆಯೇ ಎಂದು ನಾನು ಹುಡುಕಿದೆ. ಬಂಧುಗಳು ಆಟೋ ಹತ್ತು ಎಂದರು. ಹತ್ತಲಿಲ್ಲ. ಮಣ್ಣು ಮಾಡುವ ಜಾಗದವರೆಗೂ ಅವಳ ಹಿಂದೆ ನನ್ನ ಕಾಲಿನಲ್ಲೇ ನಡೆದೆ, ತಲೆ ಎತ್ತಿಕೊಂಡೇ ನಡೆದೆ.

ಮುಂದಿನ ವಾರ ನಾವು ಹೆಂಗಸರು ಮತ್ತೆ ಕೆರೆಗೆ ಹೋದೆವು. ಹಕ್ಕಿಗಳು ನೀರಂಚಿನಲ್ಲಿ ನಿಶ್ಚಿಂತೆಯಿಂದ ಕುಳಿತಿದ್ದವು. ಅಂಗಡಿಯ ಮಾಮಾ ಪಾತ್ರೆ ಕೆಳಗಿಟ್ಟು, ತಡೆದು ತಡೆದು ಕೇಳಿದ.

"ದೂರ ಹೊಂಟೀರೇನ್ರಿ?"

ಎಲ್ಲರೂ ನನ್ನ ಕಡೆ ನೋಡಿದರು. ಹೊಸ್ತಿಲು ದಾಟದ ನನ್ನ ಧ್ವನಿ ಅಂದು ಎಲ್ಲಿಂದ ಬಂತೋ, ದೇವರೇ ಬಲ್ಲ.

"ದೂರೂ ಇಲ್ಲ, ಸಮೀಪೂ ಇಲ್ಲ. ನಡ್ಯಾಕ!"

ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಇರಲಿ, ಮರಳಿ ಬರುತ್ತವೆ. ನನ್ನ ಸೆರಗಿನ ಗಂಟಿನಲ್ಲಿ ಜೋಳವಿತ್ತು.