ಬೀಗತಿಯ ಕಂಪ್ಯೂಟರಿಗೆ ಹೊಲಿದ ಕೌದಿ

ನಿಮ್ಮ ಧಾರವಾಡದ ಅಜ್ಜಿ ತಮ್ಮ ನೆನಪುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಬರೆದು, ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ರಟ್ಟು ಹಾಕಿಸಿ ನಿಮಗೆ ಕೊಟ್ಟಿದ್ದಾರೆ. ಹೋದ ಬೇಸಿಗೆ ಸೂಟಿಯಲ್ಲಿ ಅದನ್ನು ತಂದು ನನ್ನ ತೊಡೆಯ ಮೇಲಿಟ್ಟು, "ಆಯಿ, ನೀ ಯಾಕ ಏನೂ ಬರದಿಲ್ಲ?" ಎಂದು ಕೇಳಿದಿರಿ. ಹಾಲು ಉಕ್ಕುತ್ತದೆ ಎಂದು ನೆಪ ಹೇಳಿ ನಾನು ಎದ್ದು ಒಳಗೆ ಹೋದೆ. ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು. ಅವರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಆದರೆ ಆ ಪುಸ್ತಕವನ್ನು ಬರೆದ ಕಂಪ್ಯೂಟರು ತಯಾರಾದದ್ದು ಹುಬ್ಬಳ್ಳಿಯ ಗೋಪನಕೊಪ್ಪದ ನನ್ನ ಮನೆಯಲ್ಲಿ, ನನ್ನ ಹೊಲಿಗೆ ಯಂತ್ರದ ಮೇಲೆ. ಆ ಸಂಗತಿ ಅವರ ಪುಸ್ತಕದಲ್ಲಿಲ್ಲ. ಅದಕ್ಕೇ ನಾನೂ ಪೆನ್ನು ಹಿಡಿದೆ.

ಆಗ ನೀವಿನ್ನೂ ಹುಟ್ಟಿರಲಿಲ್ಲ. ನಿಮ್ಮ ಅವ್ವನ ಮದುವೆಯಾಗಿ ಅದು ಎರಡನೆಯ ನಾಗರ ಪಂಚಮಿ. ನಿಮ್ಮ ಅಜ್ಜ ತೀರಿಕೊಂಡ ಮೇಲೆ, ಅವಳ ಮದುವೆಯವರೆಗೂ, ಮನೆಯಲ್ಲಿ ಉಳಿದವರು ನಾವಿಬ್ಬರೇ. ನಾನು ಜಂಪರು, ಲಂಗ ಹೊಲಿಯುತ್ತಿದ್ದೆ. ಅವಳು ಹುಬ್ಬಳ್ಳಿಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಮದುವೆಯಾಗಿ ಧಾರವಾಡಕ್ಕೆ, ಸತ್ತೂರಿನ ಕಡೆಯ ಮನೆಗೆ ಹೋದಳು, ಅಲ್ಲಿಯೇ ಒಂದು ಕಚೇರಿಯಲ್ಲಿ ಕೆಲಸ ಹಿಡಿದಳು. ಆಮೇಲೆ ನನ್ನ ಪಾಲಿಗೆ ಉಳಿದದ್ದು ಪಂಚಮಿಯ ನಾಲ್ಕು ದಿನ ಮಾತ್ರ. ಹೆಣ್ಣುಮಕ್ಕಳು ತವರಿಗೆ ಬಂದು, ಜೋಕಾಲಿ ಆಡಿ, ಉಂಡಿ ತಿಂದು, ಹೊಸ ಬಳೆ ಇಡಿಸಿಕೊಂಡು ಹೋಗುವ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಎಲ್ಲ ಕಟ್ಟಿ ಡಬ್ಬಿ ತುಂಬಿಸಿದ್ದೆ. ಪಡಸಾಲೆಯ ತೊಲೆಗೆ ಜೋಕಾಲಿಯ ಹಗ್ಗ ಹಾಕಿಸಿದ್ದೆ.

ಅವಳು ಆಟೋದಿಂದ ಇಳಿದಾಗ ಕೈತುಂಬ ರಟ್ಟಿನ ಡಬ್ಬಿಗಳಿದ್ದವು. ಒಂದು ಗಳಿಗೆ, ನನಗೇ ಏನೋ ತಂದಿದ್ದಾಳೆ ಅಂದುಕೊಂಡೆ.

"ಏನ ಬೇ ಇವೆಲ್ಲಾ?"

"ಕಂಪ್ಯೂಟರ್ ಜೋಡಸೂ ಸಾಮಾನ ಯವ್ವಾ. ಅತ್ತಿಯಾರಿಗೆ. ಪ್ಯಾಟ್ಯಾಗ ಇಳದು, ನಮ್ಮ ಅಂಗಡಿಗೆ ಹೋಗಿ ತಗೊಂಡ ಬಂದೆ. ಅವರಿಗೆ ಹೇಳಿಲ್ಲ, ಇಲ್ಲೇ ಜೋಡಿಸಿ ಒಯ್ದು ಮುಂದ ಇಡ್ತೇನಿ."

"ಹಬ್ಬದಾಗ?"

"ಇಲ್ಲಿ ನನಗೇನ ಕೆಲಸ ಇರ್ತದ? ಕೈ ಖಾಲೀನ ಇರ್ತಾವಲ್ಲ."

ವರ್ಷವಿಡೀ ನಾನು ಕಾಯುವ ದಿನಗಳು ಅವಳಿಗೆ ಕೈ ಖಾಲಿ ಇರುವ ದಿನಗಳು! ಡಬ್ಬಿಗಳನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗಿಟ್ಟೆ. ನನ್ನ ಸ್ವಭಾವವೇ ಹಾಗೆ, ಹೇಳಬೇಕಾದದ್ದೆಲ್ಲ ಗಂಟಲವರೆಗೆ ಬಂದು ನಿಲ್ಲುತ್ತದೆ.

ಹಬ್ಬದ ದಿನ ಬೆಳಿಗ್ಗೆ ಹೊಲಿಗೆ ಯಂತ್ರದ ಮೇಲೆ ರೊಟ್ಟಿಯ ಹಲಗೆ ಇಟ್ಟು ಅವಳು ಕೆಲಸ ಶುರು ಮಾಡಿದಳು. ಹಿಂದಿನ ದಿನವಷ್ಟೇ ಬಳೆಗಾರ್ತಿಯಿಂದ ಇಡಿಸಿಕೊಂಡ ಹಸಿರು ಬಳೆ ಅಡ್ಡ ಬರುತ್ತವೆಂದು ತೆಗೆಯಲು ಹೋದಳು.

"ತವರಿನ ಬಳಿ ಹಬ್ಬದ ದಿನ ತಗೀತಾರೇನ? ಆ ಡಬ್ಬಿ ಸಲುವಾಗಿ?" ಎಂದು ನಾನು ಜೋರು ಮಾಡಿದೆ. ಅವಳು ನಕ್ಕು, ಬಳೆಗಳನ್ನು ಮೊಣಕೈವರೆಗೆ ಏರಿಸಿ ನಾನು ಹೊಲಿದು ಉಳಿದ ಬಟ್ಟೆಯ ಪಟ್ಟಿಯಿಂದ ಕಟ್ಟಿಕೊಂಡಳು.

ಕಂಪ್ಯೂಟರಿನ ಪೆಟ್ಟಿಗೆ ಬಹಳ ಸಣ್ಣದು. ಬೀಗತಿಯವರು ಕೂಡುವ ಕಿಟಕಿಯ ಹತ್ತಿರದ ಮೇಜು ಕಿರಿದು, ಅದಕ್ಕೆ ಅಳತೆ ನೋಡಿ ತಂದಿದ್ದಳು. ಹಾರ್ಡ್ ಡಿಸ್ಕು ಹಳೆಯದು, ಅಂಗಡಿಯವರು ತೆಗೆದಿಟ್ಟದ್ದು. ಮಾನಿಟರೂ ಯಾರೋ ಬಳಸಿ ಬಿಟ್ಟದ್ದೇ. ಹೊಸದು ಎಲ್ಲಿ ಬೇಕೋ ಅಲ್ಲಿ ಮಾತ್ರ ಹೊಸದು. ಕಡಿಮೆ ಖರ್ಚಿನಲ್ಲಿ ಮುಗಿಸುವ ಈ ಹಿಕಮತ್ತು ಅವಳು ಕಲಿತದ್ದು ನನ್ನಿಂದ. ಹಳೆಯ ಸೀರೆಯಲ್ಲಿ ಲಂಗ, ಲಂಗದಲ್ಲಿ ಫ್ರಾಕು, ಫ್ರಾಕಿನಲ್ಲಿ ಕೌದಿ ಮಾಡಿ ಬೆಳೆಸಿದವಳು ನಾನು. ಈಗ ಆ ಬುದ್ಧಿಯೆಲ್ಲ ಇನ್ನೊಬ್ಬರ ಮೇಜಿಗೆ ಹೊರಟಿತ್ತು.

ಪ್ರೊಸೆಸರಿನ ಮೇಲೆ ಅವಳು ಬೆರಳ ತುದಿಯಿಂದ ಬಿಳಿ ಪೇಸ್ಟ್ ಸವರುತ್ತಿದ್ದಳು.

"ವಿಭೂತಿ ಹಚ್ಚಿದಂಗ ಹಚ್ಚಾಕತ್ತೀಯಲ್ಲ," ಅಂದೆ.

"ಬಿಸಿ ಆಗಬಾರ್ದು ಅಂತ ಬೇ. ಪೆಟಗಿ ಸಣ್ಣದು, ಒಳಗ ಗಾಳಿ ಆಡೂದು ಕಡಿಮಿ. ದೊಡ್ಡ ಫ್ಯಾನ್ ಹಾಕಿದ್ರ ಸಪ್ಪಳ ಆಗ್ತದ, ಅತ್ತಿಯಾರಿಗೆ ಸಪ್ಪಳ ಆಗೂದಿಲ್ಲ. ಅವರಿಗೆ ಕಣ್ಣೂ ಮಂದ ಆಗ್ಯಾವ. ಇದರಾಗ ಅಕ್ಷರ ಬೇಕಾದಷ್ಟು ದೊಡ್ಡದು ಮಾಡಬಹುದು."

ಅತ್ತೆಗೆ ಏನು ಆಗುತ್ತದೆ, ಏನು ಆಗುವುದಿಲ್ಲ, ಎಲ್ಲ ಬಾಯಿಪಾಠ. ಸೂಜಿಗೆ ದಾರ ಪೋಣಿಸಲು ನಾನು ಓಣಿಯ ಹುಡುಗಿಯರನ್ನು ಕರೆಯುತ್ತಿದ್ದದ್ದು ಅವಳ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ!

"ನನಗೊಂದು ಮಾಡಿಕೊಡಂಗಿಲ್ಲೇನು?" ಎಂದು ನಗುತ್ತಲೇ ಕೇಳಿದೆ.

"ನೀ ಏನ ಬರೀತೀ ಬೇ?" ಅವಳೂ ನಗುತ್ತಲೇ ಅಂದಳು, ತಿರುಪು ಬಿಗಿಯುತ್ತ.

ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ, ಗೊತ್ತು. ನಾನು ಖಾಲಿ ಜೋಕಾಲಿಯ ಮೇಲೆ ಹೋಗಿ ಕೂತೆ. ಮಾನಿಟರಿನಲ್ಲಿ ಮೊದಲ ಬಾರಿ ಬೆಳಕು ಬಂದಾಗ ಅವಳು ಕುಣಿದು ನನ್ನನ್ನು ತಬ್ಬಿಕೊಂಡಳು. ತಬ್ಬಿಕೊಂಡೇ, "ಅತ್ತಿಯಾರು ಎಷ್ಟ ಖುಷಿ ಆಗ್ತಾರ ನೋಡ," ಅಂದಳು.

ಅವತ್ತೇ ನಾನು ಟ್ರಂಕು ತೆಗೆದೆ. ಅವಳ ಸಣ್ಣಂದಿನ ಫ್ರಾಕುಗಳು ಇದ್ದವು: ಸಾಲೆಗೆ ಮೊದಲ ದಿನ ಹಾಕಿದ ಹಳದಿ, ಮೈತುಂಬ ಚುಕ್ಕಿಯಿದ್ದ ಕಂದು, ಇಳಕಲ್ಲ ಸೀರೆಯ ಅಂಚು ಹಚ್ಚಿದ ಕೆಂಪು. ಕತ್ತರಿಸಿ, ತುಂಡು ಜೋಡಿಸಿ, ಆ ಪೆಟ್ಟಿಗೆಗೆ ಒಂದು ಕೌದಿ ಗವಸಣಿಗೆ ಹೊಲಿದೆ. ಅಂಗಿಯಂತೆ ಮೈಗೆ ಅಂಟಿ ಕೂಡುವಂಥ ಹೊದಿಕೆ. ಹಿಂದೆ ವೈರಿಗೆ ಸೀಳು, ಮುಂದೆ ಗುಂಡಿ ಒತ್ತಲು ಕಾಜಾ. ಅವರ ಮೇಜಿನ ಮೇಲೆ ನನ್ನದೂ ಏನಾದರೂ ಇರಲಿ, ನನ್ನ ಮಗಳ ಬಾಲ್ಯ ಅವರ ಕಣ್ಣ ಮುಂದೆ ಇರಲಿ ಎಂಬ ಹಟ ನನ್ನದು. ಮಗಳು, "ಧೂಳ ಕೂಡೂದಿಲ್ಲ, ಛಲೋ ಆತು," ಅಂದಳು. ಹೊರಡುವಾಗ ಅವಳ ಉಡಿ ತುಂಬಿ, ಉಂಡಿಯ ಡಬ್ಬಿ ಕೊಟ್ಟು ಕಳಿಸಿದೆ. ಡಬ್ಬಿ ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿದಿತ್ತು.

ಕೆಲವು ವಾರಗಳ ಮೇಲೆ ಅವಳು ಆ ಪೆಟ್ಟಿಗೆ ಹೊತ್ತುಕೊಂಡು ಬಂದಳು. ಮಧ್ಯಾಹ್ನ ಅತ್ತೆ ಬರೆಯಲು ಕೂತರೆ ಸ್ವಲ್ಪ ಹೊತ್ತಿಗೇ ಅದು ತಾನಾಗಿ ಬಂದ್ ಆಗಿಬಿಡುತ್ತದಂತೆ. ಬರೆದದ್ದೆಲ್ಲ ಹೋಗುತ್ತದಂತೆ. ಅವಳು ಕಚೇರಿಯಿಂದ ಬಂದು ಗವಸಣಿಗೆ ತೆಗೆದು, ಬಿಚ್ಚಿ ನೋಡಿದರೆ ಸರಿಯಾಗಿಯೇ ಓಡುತ್ತದೆ. ಅಂಗಡಿಯಲ್ಲಿ ಒಂದು ಭಾಗ ಬದಲಿಸಿಕೊಂಡು, ಕತ್ತಲಾಯಿತೆಂದು ನನ್ನಲ್ಲಿ ಉಳಿದಳು. ಬಿಸಿ ರೊಟ್ಟಿ ತಿಂದಳು, ತಲೆಗೆ ಎಣ್ಣೆ ಹಚ್ಚಿಸಿಕೊಂಡಳು. ಮತ್ತೆ ಕೆಟ್ಟಿತು, ಮತ್ತೆ ಬಂದಳು. ಪಾಪ, ಅವಳ ಮುಖ ಬಾಡಿತ್ತು. "ನನ್ನ ಕೈಲಿಂದ ಮಾಡಿದ್ದು ಹಿಂಗಾತಲ್ಲ," ಅನ್ನುತ್ತಿದ್ದಳು. ನಾನು ಸಮಾಧಾನ ಹೇಳುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ, ಇದು ಹೀಗೇ ಕೆಡುತ್ತಿರಲಿ ಅನ್ನಿಸುತ್ತಿತ್ತು.

ದಸರೆಗೆ ಬನ್ನಿ ಕೊಡಲು ಧಾರವಾಡಕ್ಕೆ ಹೋದೆ. ಬೀಗರ ಮನೆಯಲ್ಲಿ ನನಗೆ ಕಾಲು ಎಲ್ಲಿಡಬೇಕು, ಕೈ ಎಲ್ಲಿಡಬೇಕು ತಿಳಿಯುವುದಿಲ್ಲ. ನಿಮ್ಮ ಅಜ್ಜಿ ನನ್ನನ್ನು ಕಿಟಕಿಯ ಹತ್ತಿರ ಕರೆದೊಯ್ದರು.

"ಬರ್ರಿ ಬೀಗತ್ಯಾರ, ನೀವು ಹೊಲದದ್ದು ಎಷ್ಟ ಚಂದ ಕಾಣ್ತದ ನೋಡ್ರಿ."

ಕಂಪ್ಯೂಟರು ಓಡುತ್ತಿತ್ತು, ಕೌದಿ ಹಾಕಿಕೊಂಡೇ. ಹಳದಿ ತುಂಡು ಮೇಲೆಯೇ ಇತ್ತು. ಸವರಿದೆ. ಹಂಚಿನಿಂದ ಇಳಿಸಿದ ರೊಟ್ಟಿಯಷ್ಟು ಬಿಸಿ! ಗಾಳಿ ಆಡೂದು ಕಡಿಮಿ ಅಂದ ಮಾತು ಥಟ್ಟನೆ ನೆನಪಾಯಿತು. ಹೇಳಿದರೆ ಪೆಟ್ಟಿಗೆ ಹೊತ್ತು ನನ್ನ ಮಗಳು ಬರುವುದು ನಿಲ್ಲುತ್ತದೆ ಎಂಬುದೂ ತಿಳಿಯಿತು. ಆದರೆ ಆ ಹಳದಿ ತುಂಡು ಸುಟ್ಟುಹೋದೀತಲ್ಲ! ಬಾಯಿ ತಾನೇ ತೆರೆಯಿತು.

"ಇದನ್ನ ತಗದು ಬರಿಯೂದಿಲ್ಲೇನ್ರಿ?"

"ನೀವು ಪ್ರೀತಿಲೇ ಹೊಲದ ಕೊಟ್ಟದ್ದು, ಅದನ್ನ ಬದಿಗೆ ಒಗದು ಕೂಡ್ಲೇನ್ರಿ? ಕಾಜಾ ಬ್ಯಾರೆ ಬಿಟ್ಟೀರಿ, ತಗಿಯೂ ಕೆಲಸಾನ ಇಲ್ಲ."

ಚಹಾ ತಂದ ಮಗಳು ಬಾಗಿಲಲ್ಲೇ ನಿಂತಳು. "ಅತ್ತಿಯಾರ! ಯವ್ವಾ! ಇಬ್ಬರೂ ಕೂಡಿ ಅದರ ಉಸಿರ ಕಟ್ಟಿಸೀರಿ!" ಅಂದು ಕೌದಿಯನ್ನು ಎಳೆದು ತೆಗೆದಳು, ನಕ್ಕು ನಕ್ಕು ಕೂತಳು.

"ಹಂಗಾದ್ರ ಇದನ್ನ ನಾ ಒಯ್ತೀನ್ರಿ," ಅಂದೆ. ಆ ಮನೆಯಲ್ಲಿ ನಾನು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು.

ನಿಮ್ಮ ಅಜ್ಜಿ ಕೌದಿಯನ್ನು ಮಡಚಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. "ಇಲ್ಲರಿ. ಬರದು ಮುಗಿದ ಮ್ಯಾಲೆ ಹೊಚ್ಚತೇನಿ. ಅಕಿ ಈ ಫ್ರಾಕ್ ಹಾಕ್ಕೊಂಡು ಓಡ್ಯಾಡೂದು ನೀವು ನೋಡೀರಿ, ನಾ ಏನ ನೋಡೇನಿ? ಪಂಚಮಿಗೂ ನೀವ ಕರಕೊಂಡ ಹೋಗ್ತೀರಿ, ಮನಿ ಬಣಬಣ ಅಂತದ." ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ.

ಅವರಿಗೂ ಹೀಗಾಗುತ್ತದೆ ಎಂದು ಕೇಳಿ ನನಗೆ ಕನಿಕರ ಬರಬೇಕಿತ್ತು. ಬಂದದ್ದು ಸಂತೋಷ.

ಮುಂದಿನ ಪಂಚಮಿಗೆ ಮಗಳು ಬರಿಗೈಯಲ್ಲಿ ಬಂದಳು. ಜೋಕಾಲಿ ಜೀಕುತ್ತ, ಬಾಯಿತುಂಬ ಉಂಡಿ ಇಟ್ಟುಕೊಂಡು, "ಹೋಗೂ ಮುಂದ ಅತ್ತಿಯಾರಿಗೆ ಎಳ್ಳುಂಡಿ ಕಟ್ಟ ಬೇ, ಅವರಿಗೆ ಸೇರ್ತಾವ," ಅಂದಳು. ಕಟ್ಟಿ ಕೊಟ್ಟೆ. ದೊಡ್ಡ ದೊಡ್ಡವನ್ನು ಆರಿಸಿ ಅವಳ ತಾಟಿಗೆ ಹಾಕಿ, ಉಳಿದ ಸಣ್ಣವನ್ನು ಧಾರವಾಡದ ಡಬ್ಬಿಗೆ ತುಂಬಿದೆ.