ಚುಚ್ಚದ ಅಂಗಿಯ ಕಮರ್ ಆಪಾ

ನಿಪ್ಪಾಣಿಯ ಹಳೇ ಪೇಟೆಯ ಓಣಿಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಅರ್ಧ ಎತ್ತಿದ ಶಟರಿನ ಒಳಗೆ, ಎಲ್ಲರೂ ಆಪಾ ಅಂದರೆ ಅಕ್ಕ ಎಂದು ಕರೆಯುವ ಟೇಲರ್ ಕಮರುನ್ನಿಸಾ ಒಂದು ಪುಟ್ಟ ಬಿಳಿ ಅಂಗಿಯ ಕೊರಳಪಟ್ಟಿಯನ್ನು ತಮ್ಮ ಕೆನ್ನೆಗೆ ಉಜ್ಜಿಕೊಳ್ಳುತ್ತಿದ್ದಾರೆ. ಒಮ್ಮೆ ಕೆನ್ನೆಗೆ, ಒಮ್ಮೆ ಕತ್ತಿಗೆ, ಆಮೇಲೆ ಮೊಣಕೈಯ ಒಳಮಡಿಕೆಗೆ. ಮುಖ ಕಿವುಚುತ್ತಾರೆ. ನಿನ್ನೆ ಸಂಜೆಯೆಲ್ಲ ಕೂತು ಹಾಕಿದ ಹೊಲಿಗೆಯನ್ನು ಬ್ಲೇಡು ಹಿಡಿದು ಬಿಚ್ಚತೊಡಗುತ್ತಾರೆ.

"ಇಲ್ಲಿ ಒಂದ ಗಂಟ ಉಳದೈತ್ರಿ. ನಿಮ್ಮ ಕೈಗೆ ಸಿಗೂದಿಲ್ಲ. ಹಾಕ್ಕೊಳ್ಳೂ ಕೂಸಿಗೆ ಸಿಗತೈತಿ" ಎನ್ನುತ್ತಾರೆ ಎದುರು ಕೂತ ನನಗೆ, ಅಂಗಿಯಿಂದ ಕಣ್ಣೆತ್ತದೆ.

ಈ ಅಂಗಡಿಯಲ್ಲಿ ಟ್ಯೂಬ್‌ಲೈಟ್ ಇಲ್ಲ. ಅದರ ಗುಂಯ್ ಎನ್ನುವ ಸದ್ದು ಅವರಿಗೆ ಆಗದು. ಮಷಿನ್ನಿಗೆ ಮೋಟರೂ ಇಲ್ಲ, ಕಾಲಿನಿಂದಲೇ ತುಳಿಯುತ್ತಾರೆ. ಪೇಟೆ ಎಚ್ಚರಾಗಿ ತಂಬಾಕಿನ ಚೀಲ ಹೊತ್ತ ಗಾಡಿಗಳು ಶುರುವಾದರೆ ಸಾಕು, ಪರದೆಯ ಹಿಂದೆ ಸರಿದುಬಿಡುತ್ತಾರೆ. ಗಿರಾಕಿಗಳ ಜೊತೆ ಮಾತೆಲ್ಲ ತಮ್ಮನ ಹೆಂಡತಿ ತಬಸ್ಸುಮ ಅವರದು. ಅದಕ್ಕೊಂದು ಕಾರಣವಿದೆ. ಹಿಂದೊಮ್ಮೆ ಮದುಮಗಳ ತಾಯಿ ಬ್ಲೌಸಿನ ಬಟ್ಟೆ ತೋರಿಸಿ "ಹೆಂಗೈತಿ ಆಪಾ?" ಎಂದದ್ದಕ್ಕೆ ಇವರು "ಚಂದಿಲ್ಲ" ಎಂದುಬಿಟ್ಟಿದ್ದರು. ಇಡೀ ಬೀಗರ ಪಟಾಲಮ್ಮೇ ಎದ್ದು ಹೋಯಿತು. "ಕೇಳಿದ್ರು, ಹೇಳಿದೆ" ಎನ್ನುತ್ತಾರೆ ಇವತ್ತಿಗೂ, ಅದರಲ್ಲಿ ತಪ್ಪೇನಿತ್ತೆಂದು ನಿಜಕ್ಕೂ ತಿಳಿಯದೆ.

ಅಕ್ಕೋಳದ ಸೀಮಾ ತಮ್ಮ ಮಗಳು ಸ್ನೇಹಲಳನ್ನು ಇಲ್ಲಿಗೆ ಕರೆತಂದದ್ದು ಕಳೆದ ಮಳೆಗಾಲದಲ್ಲಿ. ನಾಲ್ಕನೇ ತರಗತಿಯ ಹುಡುಗಿ, ಓದಿನಲ್ಲಿ ಚುರುಕು. ಆದರೆ ಯೂನಿಫಾರ್ಮ್ ಮೈಮೇಲೆ ಬಿದ್ದರೆ ಕಿತ್ತೆಸೆದು ಚೀರುತ್ತಿದ್ದಳು. ಶಾಲೆ ತಪ್ಪಿಹೋಗಿತ್ತು. ಓಣಿಯವರು ಹಟ ಎಂದರು, ಕೆಲವರು ದೃಷ್ಟಿ ತೆಗೆದರು. ಕೊಲ್ಲಾಪುರದ ವೈದ್ಯರು ಮಾತ್ರ ಆಸ್ಪರ್ಜರ್ ಎಂಬ ಹೆಸರು ಹೇಳಿದರು. ಈಗ ಅದನ್ನು ಆಟಿಸಂನ ದೊಡ್ಡ ಬಳಗದೊಳಗೇ ಸೇರಿಸುತ್ತಾರಂತೆ. ಇದು ರೋಗವಲ್ಲ, ಮಿದುಳು ಜಗತ್ತನ್ನು ಗ್ರಹಿಸುವ ರೀತಿಯೇ ಬೇರೆ ಎಂದು ತಿಳಿಹೇಳಿದರು. ಇಂಥ ಮಕ್ಕಳಿಗೆ ಮಾತಿಗೂ ಬುದ್ಧಿಗೂ ಸಾಮಾನ್ಯವಾಗಿ ಕೊರತೆ ಇರುವುದಿಲ್ಲ. ಎದುರಿನವರ ಮನಸ್ಸನ್ನು ಮುಖ ನೋಡಿ ತಿಳಿಯುವುದು ಮಾತ್ರ ಕಷ್ಟ. ದಿನದ ಕ್ರಮ ತಪ್ಪಿದರೆ ತಳಮಳ. ಉಳಿದವರಿಗೆ ಗೊತ್ತೇ ಆಗದ ಸದ್ದು, ಬೆಳಕು, ಬಟ್ಟೆಯ ನೂಲು ಕೂಡ ಎಷ್ಟೋ ಮಕ್ಕಳಿಗೆ ತಡೆಯಲಾರದಷ್ಟು ಜೋರು.

ಕಮರುನ್ನಿಸಾ ಹುಡುಗಿಯ ಹೆಸರು ಕೇಳಲಿಲ್ಲ, ಗಲ್ಲ ಹಿಂಡಲಿಲ್ಲ. ಯೂನಿಫಾರ್ಮನ್ನು ನೆಲದ ಮೇಲೆ ಹರವಿ ಅದನ್ನೇ ನೋಡುತ್ತ ಕೇಳಿದರು: "ಎಲ್ಲಿ ಚುಚ್ಚತೈತಿ?"

ಸ್ನೇಹಲ ತನ್ನ ಹಿಂಗತ್ತಿನ ಮೇಲೆ ಬೆರಳಿಟ್ಟಳು. ಆಮೇಲೆ ಕಂಕುಳಲ್ಲಿ. ಆಮೇಲೆ ಪಕ್ಕೆಯಲ್ಲಿ.

"ಯಾಕ ಹಾಕ್ಕೊಳ್ಳವಲ್ಲಿ ಅಂತ ಬೈದೀವ್ರಿ, ಬಡದೀವ್ರಿ. ಎಲ್ಲಿ ಅಂತ ಒಬ್ರೂ ಕೇಳಿದ್ದಿಲ್ಲ" ಎಂದು ಸೀಮಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಟೇಪು ಹಿಡಿದು ಮೈಮುಟ್ಟಿದರೆ ಹುಡುಗಿ ಬೆದರುತ್ತಾಳೆ. ಹಾಗಾಗಿ ಅಳತೆಗೆಂದು ಒಂದು ಬಟ್ಟೆ ಕೇಳಿದರು. ಟೇಲರ್ ಮುಂದೆ ಹಳೆಯದನ್ನು ಹಿಡಿದರೆ ಮರ್ಯಾದೆ ಏನಾದೀತೆಂದು, ಈ ಕಡೆಯ ಎಲ್ಲ ತಾಯಂದಿರಂತೆ ಸೀಮಾ ಕೂಡ ಹಬ್ಬದ ಲೇಸಿನ ಫ್ರಾಕನ್ನೇ ಇಸ್ತ್ರಿ ಮಾಡಿಸಿ ತಂದರು. ಕಮರುನ್ನಿಸಾ ಅದನ್ನು ಬಿಚ್ಚಿಯೂ ನೋಡಲಿಲ್ಲ.

"ಮೈಮ್ಯಾಲಿಂದ ತಗ್ಯಾಕ ಒಲ್ಲೆ ಅಂತಾಳಲ್ಲ, ಅದನ್ನ ತರ್ರಿ. ಹರದಿದ್ರೂ ನಡೀತೈತಿ."

ಮರುದಿನ ಸೀಮಾ ಸೆರಗಿನಡಿ ಮುಚ್ಚಿಕೊಂಡು ತಂದದ್ದು ಅಜ್ಜನ ತೂತುಬಿದ್ದ ಬನಿಯನ್! ಮನೆಗೆ ಬೀಗರು ಬಂದರೆ ಸ್ನೇಹಲಳನ್ನೂ ಬನಿಯನ್ನನ್ನೂ ಒಟ್ಟಿಗೇ ಒಳಕೋಣೆಗೆ ಸಾಗಿಸುತ್ತಿದ್ದರಂತೆ. ಕಮರುನ್ನಿಸಾ ಮಾತ್ರ ಅದನ್ನು ರೇಷ್ಮೆ ಸೀರೆಯಂತೆ ತೊಡೆಯ ಮೇಲೆ ಹರವಿಕೊಂಡರು. ಕಾಲರ್ ಇಲ್ಲ, ಪಕ್ಕಕ್ಕೆ ಹೊಲಿಗೆ ಇಲ್ಲ, ನೂರಾರು ಸಲ ಒಗೆದು ಮೆತ್ತಗಾದ ಹತ್ತಿ. ಹುಡುಗಿ ಹೇಳಲಾರದ್ದನ್ನೆಲ್ಲ ಬನಿಯನ್ ಹೇಳುತ್ತಿತ್ತು. ಬಿಳಿ ಹತ್ತಿ ಬಟ್ಟೆ ತರಿಸಿ ಗಂಜಿ ಹೋಗುವ ತನಕ ಒಗೆದರು. ಪಕ್ಕೆಯ ಹೊಲಿಗೆ ಕೈಬಿಟ್ಟರು. ಬಿಡಲಾಗದ ಹೊಲಿಗೆಗಳನ್ನು ಉಲ್ಟಾ ಮಾಡಿ ಹೊರಗೆ ತಂದು, ಮೇಲೊಂದು ತೆಳು ಪಟ್ಟಿ ಕೂರಿಸಿದರು.

ಮುಖ್ಯೋಪಾಧ್ಯಾಯ ಶ್ರೇಣಿಕ ಸರ್ ಅದನ್ನು ನೋಡಿ ನೇರ ಅಂಗಡಿಗೇ ಬಂದರು. ಒಬ್ಬಳಿಗೆ ಬೇರೆ ನಮೂನೆ ಅಂದರೆ ಉಳಿದವರಿಗೆ ಏನು ಹೇಳುವುದು ಎಂಬುದು ಅವರ ಚಿಂತೆ. ಹಳೆಯ ಯೂನಿಫಾರ್ಮಿನ ಕಾಲರನ್ನು ಬೆರಳಿನಿಂದ ತಿಕ್ಕಿ ನೋಡಿ "ನನಗೇನೂ ಚುಚ್ಚವಲ್ದವಾ" ಎಂದರು.

"ನಿಮಗ ಚುಚ್ಚೂದಿಲ್ರಿ, ಸರ್. ಆಕಿಗೆ ಚುಚ್ಚತೈತಿ."

ಸರ್ ಯೂನಿಫಾರ್ಮನ್ನು ಕೆಳಗಿಟ್ಟು ಹೋಗಿಬಿಟ್ಟರು. ಮರುದಿನದಿಂದ ಸ್ನೇಹಲ ಅದೇ ಅಂಗಿಯಲ್ಲಿ ಶಾಲೆಗೆ ಹೋದಳು. ಅವಳಿಗೆ ಕಿಟಕಿ ಪಕ್ಕದ ಜಾಗ ಖಾಯಂ ಆಯಿತು. ಗಂಟೆ ಬಾರಿಸುವ ಮುಂಚೆ ಅವಳಿಗೊಂದು ಸೂಚನೆ ಕೊಡುವ ರೂಢಿಯನ್ನೂ ಸರ್ ತಾವಾಗಿಯೇ ಶುರುಮಾಡಿದರು.

ವೈದ್ಯರು ಹೇಳಿದ್ದನ್ನೆಲ್ಲ ಒಂದು ದಿನ ಸೀಮಾ ಬಿಡಿಸಿ ಹೇಳುತ್ತಿದ್ದಾಗ ಕಮರುನ್ನಿಸಾರ ಕಾಲು ಪೆಡಲ್ ಮೇಲೆ ನಿಂತಿತು. ಕಾಲರಿನ ಕಾಟಕ್ಕೆ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವರು ಅವರು. ಮದುವೆಮನೆಯ ಗದ್ದಲದಿಂದ ಓಡಿಬಂದು ಬೈಸಿಕೊಂಡವರು. ತಬಸ್ಸುಮರ ಜೊತೆಗೆ ಅದೇ ವೈದ್ಯರ ಬಳಿ ಹೋದರು. ತಲೆಗೂದಲು ನರೆತ ಮೇಲೆ ಅವರಿಗೂ ಅದೇ ಹೆಸರು ಸಿಕ್ಕಿತು. "ಎಲ್ಲಾರೂ ಸೊಕ್ಕಿನಾಕಿ ಅಂತಿದ್ರು. ಸೊಕ್ಕ ಅಲ್ಲ ಅಂತ ಡಾಕ್ಟರ್ ಹೇಳಿದ್ರು. ನನಗ ಮೊದಲ ಗೊತ್ತಿತ್ತು."

ಈಗ ಚಿಕ್ಕೋಡಿ, ಅಥಣಿ, ಕೊಗನೊಳ್ಳಿಯಿಂದಲೂ ತಾಯಂದಿರು ಬರುತ್ತಾರೆ, ಚೀಲದಲ್ಲಿ ನಾಚಿಕೆಯಿಂದ ಹರಕು ಬಟ್ಟೆ ಅಡಗಿಸಿಕೊಂಡು. ಯಾರಿಗೂ ಕೇಳದ ನೋವನ್ನು ಈ ಹೆಂಗಸು ಕೆನ್ನೆಯಿಂದ ಹುಡುಕಿ ತೆಗೆಯುತ್ತಾರೆ.

ಈ ಸಲದ ಗಣರಾಜ್ಯೋತ್ಸವದಂದು ಶಾಲೆಯಲ್ಲಿ ಅವರಿಗೆ ಸನ್ಮಾನವಿತ್ತು. ಹೆಸರು ಕರೆದರು, ಚಪ್ಪಾಳೆ ಬಿತ್ತು. ಶ್ರೇಣಿಕ ಸರ್ ಜರಿ ಅಂಚಿನ ಶಾಲು ಬಿಚ್ಚಿ ಹೊದಿಸಲು ಬಂದರೆ ಕಮರುನ್ನಿಸಾ ಹಿಂದೆ ಸರಿದರು. ಸರ್ ಮತ್ತೆ ಮುಂದೆ ಬಂದರು, ಇವರು ಮತ್ತೆ ಸರಿದರು. "ಏನ್ ಸೊಕ್ಕೋ!" ಎಂದು ಜನರ ನಡುವಿನಿಂದ ಒಂದು ದನಿ ಬಂತು. ಆಗ ಎದ್ದು ಬಂದವಳು ಸ್ನೇಹಲ. ಯಾರ ಮುಖವನ್ನೂ ನೋಡದೆ, ಶಾಲಿನ ಅಂಚನ್ನೇ ನೋಡುತ್ತ ಕೇಳಿದಳು:

"ಆಪಾ, ಎಲ್ಲಿ ಚುಚ್ಚತೈತಿ?"

ಕಮರುನ್ನಿಸಾ ತಮ್ಮ ಹಿಂಗತ್ತಿನ ಮೇಲೆ ಬೆರಳಿಟ್ಟರು. "ಇಲ್ಲಿ." ಜೀವಮಾನದಲ್ಲಿ ಅವರನ್ನು ಹಾಗೆ ಕೇಳಿದವರು ಅವಳೊಬ್ಬಳೇ. ಸರ್ ಶಾಲನ್ನು ನಿಧಾನವಾಗಿ ಮಡಿಚಿ ಅವರ ಕೈಯಲ್ಲಿಟ್ಟು, ಕೈಮುಗಿದರು.

ಅಂಗಡಿಯ ಓಣಿಗೆ ಬಿಸಿಲು ಬಂದಿದೆ. ಬಿಚ್ಚಿದ ಕೊರಳಪಟ್ಟಿ ಮತ್ತೆ ಕೂತಿದೆ. ಕಮರುನ್ನಿಸಾ ಅದನ್ನು ಕತ್ತಿಗೆ ಉಜ್ಜಿಕೊಂಡು ತಲೆಯಾಡಿಸುತ್ತಾರೆ, ಈಗ ಸರಿಯಿದೆ.

"ನನ್ನ ಅಳತಿಗೂ ಇಂಥಾದೊಂದ ಬಿಳಿ ಅಂಗಿ ಹೊಲಕೋಬೇಕಂತ ಐತ್ರಿ. ಹಾಕ್ಕೊಂಡ ಒಂದಿನ ನಾಲ್ಕನೇ ಕ್ಲಾಸಿನ್ಯಾಗ ಕುಂತ ಬರ್ತೀನಿ. ಸರ್ ಹ್ಞೂ ಅಂದಾರ. ಸ್ನೇಹಲ ಕಿಡಕಿ ಕಡೆ ಜಾಗಾ ನನಗ ಬಿಟ್ಟಾಳಂತ."